ಬ್ಯಾಡಗಿ ಅಕ್ಕಾರ ಎರಡು ಕೈಗಳು

ಗಾಜಿನ ಕಪಾಟುಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿದ ದಿನವೇ ಡಾಕ್ಟರು ನಡುವಿನ ಕಪಾಟಿನ ಒಂದು ಖಾನೆಯನ್ನು ತಾವೇ ಒರೆಸಿ, ಅಲ್ಲಿ ಏನನ್ನೂ ಇಡಬಾರದೆಂದು ಹೇಳಿದರು. ಬಾಗಿಲಿನಿಂದ ಒಳಗೆ ಬಂದವರ ಕಣ್ಣು ಮೊದಲು ಬೀಳುವ ಜಾಗ ಅದು.

"ಇಲ್ಲೆ ಬ್ಯಾಡಗಿ ಅಕ್ಕಾರ ಬಲಗೈ ಬರಬೇಕು. ಅದು ಬಂದ ಮ್ಯಾಲನ ಬಾಗಲಾ ತಗಿಯೂಣು" ಎಂದರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಧಾರವಾಡ ಜಿಲ್ಲೆಯ ಒಂದು ತಾಲೂಕು. ಅಲ್ಲಿ ತಮ್ಮ ಹಳೆಯ ದವಾಖಾನೆಯ ಮುಂದಿನ ಎರಡು ಕೋಣೆಗಳಲ್ಲಿ ಡಾಕ್ಟರು ಹೆಸರಾದವರ ಕೈಗಳ ಪ್ಲಾಸ್ಟರ್ ಅಚ್ಚುಗಳನ್ನು ಕೂಡಿಸುತ್ತಿದ್ದರು. ಹೊರಗಿನ ಫಲಕದ ಮೇಲೆ 'ಹಸ್ತ ಸಂಗ್ರಹಾಲಯ' ಎಂದು ನಾನೇ ಬರೆದಿದ್ದೆ. ಅದನ್ನು ಯಾವುದೋ ಪಕ್ಷದ ಆಫೀಸೆಂದು ತಿಳಿದು ಒಳಗೆ ಬಂದು, ತಮ್ಮ ಓಣಿಗೆ ಬೋರ್‌ವೆಲ್ ಕೊಡಿಸಿರೆಂದು ಕೇಳಿದವರೂ ಉಂಟು. ಜನರ ಬಾಯಲ್ಲಿ ಮಾತ್ರ ಅದು ಕೈ ಮನೆ.

ಡಾಕ್ಟರು ಎಲುಬಿನ ಡಾಕ್ಟರು. ಮುರಿದ ಕೈಗಳಿಗೆ ಪ್ಲಾಸ್ಟರ್ ಸುತ್ತುತ್ತಲೇ ಆಯುಷ್ಯದ ಬಹುಭಾಗ ಕಳೆದವರು. ದವಾಖಾನೆ ನಿಲ್ಲಿಸಿದ ಮೇಲೂ ಆ ಬಿಳಿಯ ಪುಡಿ ಅವರನ್ನು ಬಿಡಲಿಲ್ಲ. "ಎಲ್ಲಾರೂ ಮುಖದ ಫೋಟೋ ಇಡ್ತಾರ. ನಾ ಜನ್ಮಾ ಪೂರ್ತಿ ಕೈ ನೋಡೇನಿ. ಮುಖಾ ಮರತರೂ ನನಗ ಕೈ ನೆನಪಿರ್ತಾವು" ಎನ್ನುತ್ತಿದ್ದರು. ಗುತ್ತಲದ ಕಡೆಯ ಪೈಲವಾನರೊಬ್ಬರ ಕೈ, ಅರ್ಧ ತಾಲೂಕಿನ ಮಕ್ಕಳನ್ನು ಹೊರಗೆ ತಂದ ಅಗಡಿಯ ಸೂಲಗಿತ್ತಿಯ ಕೈ, ಹಾರ್ಮೋನಿಯಂ ಮಾಸ್ತರರ ಎಡಗೈ, ಜೈಲಿನಲ್ಲಿ ಬೆರಳು ಮುರಿಸಿಕೊಂಡ ಸ್ವಾತಂತ್ರ್ಯ ಹೋರಾಟಗಾರರ ಕೈ. ಎಲ್ಲವೂ ಮಣಿಕಟ್ಟಿನವರೆಗೆ, ಕಟ್ಟಿಗೆಯ ಪೀಠದ ಮೇಲೆ. ಸಂಗ್ರಹದಲ್ಲಿ ಅವರದು ಒಂದೇ ನಿಯಮ: ಕೈಯನ್ನು ನೋಡಿ ಮಾಡಿದ್ದು ಬೇಡ, ಕೈಯನ್ನು ಮುಟ್ಟಿ ತೆಗೆದದ್ದೇ ಇರಬೇಕು.

ನಾನು ರಾಣೆಬೆನ್ನೂರಿನವಳು. ಚಿತ್ರಕಲೆ ಕಲಿತು ಮನೆಯಲ್ಲಿದ್ದವಳನ್ನು ಡಾಕ್ಟರು ಅಚ್ಚುಗಳ ತುದಿ ತಿದ್ದಲೆಂದು ಕರೆದರು. ದಿನಾ ಮುಂಜಾನೆ ಪ್ಯಾಸೆಂಜರ್ ಗಾಡಿ ಹಿಡಿದು ಹಾವೇರಿಗೆ ಬಂದು ಸಂಜೆ ತಿರುಗಿ ಹೋಗುತ್ತಿದ್ದೆ. ಬರಬರುತ್ತಾ ಅಚ್ಚು ತೆಗೆಯುವುದೂ ನನ್ನ ಕೆಲಸವೇ ಆಯಿತು. ಹಲ್ಲಿನ ಡಾಕ್ಟರುಗಳು ಬಾಯಿಯ ಅಳತೆಗೆ ಬಳಸುವ ಒಂದು ಪುಡಿ ಹುಬ್ಬಳ್ಳಿಯಲ್ಲಿ ಸಿಗುತ್ತಿತ್ತು. ನೀರಿನಲ್ಲಿ ಕಲಸಿದರೆ ಮೊಸರಿನಂತಿದ್ದು, ನೋಡನೋಡುತ್ತಾ ರಬ್ಬರಿನಂತಾಗುತ್ತದೆ. ಅದರೊಳಗೆ ಮುಳುಗಿಸಿದ ಕೈಯನ್ನು ಅಲುಗಿಸಿ ಹೊರಗೆ ತೆಗೆದರೆ ಒಳಗೆ ಕೈಯ ಆಕಾರದ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿಗೆ ಪ್ಲಾಸ್ಟರ್ ಹೊಯ್ದು, ಅದು ಬಿಸಿಯಾಗಿ ಮತ್ತೆ ತಣ್ಣಗಾಗುವವರೆಗೆ ಕಾದು, ಮೇಲಿನ ರಬ್ಬರನ್ನು ಸುಲಿದರೆ ಚರ್ಮದ ಗೆರೆಗಳ ಸಮೇತ ಕೈ ಹೊರಬರುತ್ತದೆ.

ಅಕ್ಕಾರೆಂದರೆ ವೃತ್ತಿ ನಾಟಕ ಕಂಪನಿಯಲ್ಲಿ ಬಹಳ ಹೆಸರು ಮಾಡಿದ ನಟಿ. ಕಂಪನಿ ಮುಚ್ಚಿದ ಮೇಲೆ ಬ್ಯಾಡಗಿಯಲ್ಲಿ ತಂಗಿಯ ಮಗಳ ಜೊತೆ ಇದ್ದರು. ಊರೆಲ್ಲ ಅಕ್ಕಾರೆಂದೇ ಕರೆಯುತ್ತಿತ್ತು. ನಾಟಕದಲ್ಲಿ ಅವರು ಒಮ್ಮೆಲೇ ಬರುತ್ತಿರಲಿಲ್ಲವಂತೆ. ಮೊದಲು ಪಕ್ಕದ ಪರದೆಯ ಅಂಚಿನಿಂದ ಬಲಗೈ ಒಂದೇ ಹೊರಬರುವುದು, ಗಾಳಿಯಲ್ಲಿ ನಿಲ್ಲುವುದು, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದು. ಮುಖ ಕಾಣುವ ಮೊದಲೇ ಟೆಂಟಿನ ತುಂಬ ಸೀಟಿ. ಡಾಕ್ಟರೂ ತಮ್ಮ ಪ್ರಾಯದಲ್ಲಿ ಸೀಟಿ ಹೊಡೆದವರೇ. ಅದನ್ನು ಅವರು ಹೇಳಿದ್ದು ಒಂದೇ ಸಲ, ಅದೂ ಕಿಟಕಿಯ ಕಡೆ ಮುಖ ಮಾಡಿಕೊಂಡು.

ಸಂಕ್ರಾಂತಿ ಮುಗಿದ ಮೇಲೆ ನಾವಿಬ್ಬರೂ ಬ್ಯಾಡಗಿಗೆ ಹೋದೆವು. ಮೆಣಸಿನಕಾಯಿ ಸುಗ್ಗಿ. ಬಸ್ಸು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಹೊರಳಿದ್ದೇ ತಡ, ಗಾಳಿಯಲ್ಲಿ ಘಾಟು. ಪೇಟೆಯ ಬೀದಿಯ ಎರಡೂ ಬದಿಗೆ ಕಡುಗೆಂಪು ರಾಶಿಗಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಮೂಗಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅಕ್ಕಾರ ಮನೆ ಒಂದು ದಲಾಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ತಂಗಿಯ ಮಗಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು.

ಅಕ್ಕಾರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಮೈ ಸಣ್ಣದು, ಕಣ್ಣು ದೊಡ್ಡವು. ಬಲಗೈ ಸೆರಗಿನ ಒಳಗಿತ್ತು. ಚಹದ ಕಪ್ಪನ್ನು ಎಡಗೈಯಿಂದಲೇ ನಮ್ಮ ಕಡೆ ಸರಿಸಿದರು. ಡಾಕ್ಟರು ಬಂದ ಕೆಲಸ ಹೇಳಿದರು. ಅಕ್ಕಾರು ಪೂರ್ತಿ ಕೇಳಿಸಿಕೊಂಡು ಅಂದರು:

"ಡಾಕ್ಟರ, ನೀವು ಕೇಳೂ ಕೈ ಈ ಮನ್ಯಾಗ ಇಲ್ಲ. ಅದು ಕಂಪನಿ ಜೋಡಿ ಹೋತು."

ಸೆರಗು ಸರಿಸಿದರು. ಬಲಗೈ ಮುಷ್ಟಿಯಾಗಿತ್ತು. ಲಕ್ವಾ ಹೊಡೆದಿತ್ತು. ಕಾಲು ಸುಧಾರಿಸಿ ನಡೆಯುವಂತಾಗಿದ್ದರು, ಮಾತು ತಿರುಗಿ ಬಂದಿತ್ತು, ಕೈ ಮಾತ್ರ ಹಾಗೇ ಮುಚ್ಚಿಕೊಂಡು ಎದೆಯ ಕಡೆ ಮಡಚಿಕೊಂಡಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಒಳಗೆ ಸೇರಿತ್ತು.

ಡಾಕ್ಟರು ಎದ್ದು ಹೋಗಿ ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಕೀಲು ಹಿಡದಿಲ್ಲ. ನರಾ ಬಿಗದಾವು ಅಷ್ಟ. ಬಿಸಿನೀರಾಗ ಇಟ್ಟರ ಸ್ವಲ್ಪ ಹೊತ್ತು ಬಿಡತೈತಿ ಇದು."

"ಬಿಟ್ಟರ ತಗೋರಿ" ಎಂದರು ಅಕ್ಕಾರು. "ಆದ್ರ ಈ ಮುಷ್ಟಿ ಮಾತ್ರ ಕೊಡಂಗಿಲ್ಲ ನಾ. ಈ ಕೈ ನೋಡಿ ಜನ ಸೀಟಿ ಹೊಡದಾರ. ಈಗ ಅದ ಜನ ಬಂದು ಅಯ್ಯೋ ಪಾಪ ಅನ್ನಬಾರದು."

ಆ ಮಾತಿಗೆ ಡಾಕ್ಟರು ಗೋಣು ಹಾಕಿದರು. ನಾನೂ ಹಾಕಿದೆ.

ಮುಂದಿನ ವಾರ ಸಾಮಾನು ಹೊತ್ತುಕೊಂಡು ಹೋದೆವು. ಬಿಸಿನೀರಿನಲ್ಲಿ ಕೈ ಇಡಿಸಿ ಡಾಕ್ಟರು ನಿಧಾನವಾಗಿ ಬೆರಳು ಬಿಡಿಸಿದರು. ಕೆಳಗೆ ತೆಳ್ಳನೆಯ ಕಟ್ಟಿಗೆಯ ಪಟ್ಟಿ ಕೊಟ್ಟು ಅಗಲ ಅರಿವೆಯಿಂದ ಸಡಿಲಾಗಿ ಕಟ್ಟಿ, ಅಗಲ ಬಾಯಿಯ ಡಬ್ಬಿಯೊಳಗೆ ಇಳಿಸಿದರು. ನಾನು ಪುಡಿ ಕಲಸಿ ಹೊಯ್ದೆ. ಇನ್ನು ಅದು ಗಟ್ಟಿಯಾಗುವವರೆಗೆ ಯಾರೂ ಅಲುಗಾಡಬಾರದು. ಅಕ್ಕಾರು ಉಸಿರನ್ನೂ ಅಳೆದು ಬಿಡುತ್ತಿದ್ದರು.

ಅಷ್ಟರಲ್ಲಿ ಕೆಳಗಿನ ಅಂಗಡಿಯಲ್ಲಿ ಯಾರೋ ಚೀಲಗಳನ್ನು ಸುರುವಿದರು. ಧೂಳು ಮೆಟ್ಟಿಲು ಹತ್ತಿ ಮೇಲೆ ಬಂತು. ಮೊದಲು ಸೀನಿದವರು ಡಾಕ್ಟರು. ಆಮೇಲೆ ನಾನು. ಅಕ್ಕಾರು ತುಟಿ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ತಡೆದರು, ತಡೆದರು, ಕೊನೆಗೆ ಇಡೀ ಮೈ ಕುಲುಕಿ ಸೀನಿದರು. ಸೀನಿದ ಜೋರಿಗೆ ಕೈಯ ನರಗಳು ಬಿಗಿದು, ಡಬ್ಬಿಯ ಒಳಗೇ ಬೆರಳುಗಳು ಪಟ್ಟಿಯಿಂದ ಜಾರಿ ಮುಚ್ಚಿಕೊಂಡವು. ಅರೆ ಗಟ್ಟಿಯಾಗಿದ್ದ ರಬ್ಬರು ಚೂರುಚೂರಾಗಿ ಒಡೆಯಿತು.

ಮೊದಲು ಅಕ್ಕಾರೇ ನಕ್ಕರು. "ಕಂಪನ್ಯಾಗ ಎಷ್ಟೋ ಸೀನ್ ಕೆಟ್ಟಾವು. ಸೀನಿ ಕೆಟ್ಟಿದ್ದು ಇದ ಮೊದಲು."

ನಾವೂ ನಕ್ಕೆವು. ಆದರೆ ನಾನು ಅವರ ಬೆರಳುಗಳ ಸಂದಿಯಿಂದ ರಬ್ಬರಿನ ಚೂರು ತೆಗೆಯುತ್ತಿದ್ದಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಸಾಕಾಗಿತ್ತು ಅವರಿಗೆ. "ಇನ್ನ ಬ್ಯಾಡ ತಂಗಿ" ಎಂದು ಕೈಯನ್ನು ಮತ್ತೆ ಸೆರಗಿನ ಒಳಗೆ ತೆಗೆದುಕೊಂಡರು. ಹೊರಡುವಾಗ ತಂಗಿಯ ಮಗಳು ಒಂದು ಫೋಟೋ ತಂದು ಕೊಟ್ಟಳು. ಪರದೆಯ ಅಂಚಿನಲ್ಲಿ ಆ ಕೈ, ಅದರ ಹಿಂದೆ ಅರ್ಧ ಕಾಣುವ ಮುಖ. "ಇದ್ರ ಮ್ಯಾಲ ಏನರ ಆದ್ರ ನೋಡ್ರಿ. ದೊಡ್ಡವ್ವಗ ಆಸೆ ಐತಿ, ಬಾಯಿ ಬಿಟ್ಟು ಹೇಳೂದಿಲ್ಲ" ಎಂದಳು.

ಯುಗಾದಿಯ ಮರುದಿನ ಬಾಗಿಲು ತೆರೆಯುವುದೆಂದು ಡಾಕ್ಟರು ಊರಿಗೆಲ್ಲ ಹೇಳಿಬಿಟ್ಟಿದ್ದರು. "ಇರಲಿ, ಇದೊಂದು ಕೈ ಮಣ್ಣಾಗ ಮಾಡು. ಫೋಟೋದಾಗ ಎಲ್ಲಾ ಕಾಣತೈತಿ" ಎಂದರು. ತಮ್ಮ ನಿಯಮವನ್ನು ಅವರು ಮುರಿದದ್ದು ಅದೊಂದೇ ಸಲ. ನಾನು ರಾಣೆಬೆನ್ನೂರಿನಲ್ಲಿ ನಮ್ಮ ಮನೆಯ ಹಿಂದೆ, ಅಪ್ಪನ ಬೀಜದಂಗಡಿಯ ಚೀಲಗಳನ್ನು ಒತ್ತಟ್ಟಿಗೆ ಇಟ್ಟ ಕೋಣೆಯಲ್ಲಿ ಕೂತು ಜೇಡಿಮಣ್ಣಿನಲ್ಲಿ ಆ ಕೈ ಮಾಡಿದೆ. ಉದ್ದ ಬೆರಳು, ಸ್ವಲ್ಪ ಹಿಂದಕ್ಕೆ ಬಾಗಿದ ತುದಿ, ತಿರುಗಿದ ಮಣಿಕಟ್ಟು. ಚಂದವೇ ಬಂತು. ಪ್ಲಾಸ್ಟರಿಗೆ ಇಳಿಸಿ ಹಾವೇರಿಗೆ ಒಯ್ದು ಖಾಲಿ ಖಾನೆಯಲ್ಲಿ ಇಟ್ಟೆ.

ಡಾಕ್ಟರಿಗೆ ಸೇರಿತು. ನನಗೆ ಸೇರಲಿಲ್ಲ. ಮಗ್ಗುಲಿಗೆ ಸೂಲಗಿತ್ತಿಯ ಕೈ ಇತ್ತು. ಅದರ ಅಂಗೈಯ ಸುಕ್ಕು, ಉಗುರಿನ ಬುಡದ ಸೀಳು, ಎಲ್ಲ ಇದ್ದವು. ನನ್ನ ಕೈ ಅದರ ಪಕ್ಕದಲ್ಲಿ ಅರಿವೆ ಅಂಗಡಿಯ ಗೊಂಬೆಯ ಕೈಯಂತೆ ನಿಂತಿತ್ತು. ಡಾಕ್ಟರಿಗೆ ಹಾಗೆ ಹೇಳಲಿಲ್ಲ. ಫೋಟೋ ತಿರುಗಿ ಕೊಡಬೇಕು, ಅಕ್ಕಾರಿಗೆ ಒಮ್ಮೆ ತೋರಿಸಿ ಒಪ್ಪಿಗೆ ತರುತ್ತೇನೆ ಎಂದು ಹೇಳಿ, ಕೈಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮರುದಿನ ಮೊದಲ ಬಸ್ಸಿಗೆ ಬ್ಯಾಡಗಿಗೆ ಹೋದೆ.

ಪೇಟೆ ಇನ್ನೂ ಶುರುವಾಗಿರಲಿಲ್ಲ. ತಂಗಿಯ ಮಗಳು ನೀರಿಗೆ ಹೋಗಿದ್ದಳು. ಬಾಗಿಲು ತೆರೆದೇ ಇತ್ತು. ಅಕ್ಕಾರು ಕಿಟಕಿಯ ಬಿಸಿಲಿನಲ್ಲಿ ನೆಲದ ಮೇಲೆ ಕೂತಿದ್ದರು. ಮುಂದೆ ಹಿತ್ತಾಳೆಯ ಬೋಗುಣಿಯಲ್ಲಿ ಹಬೆಯಾಡುವ ನೀರು. ಬಲಗೈ ಆ ನೀರಿನಿಂದ ಆಗಷ್ಟೇ ಹೊರಬಂದು ತೊಡೆಯ ಮೇಲಿತ್ತು. ಎಡಗೈ ಅದನ್ನು ಬಿಡಿಸುತ್ತಿತ್ತು.

ಬಿಡಿಸುವುದು ಎಂದೆ. ಆದರೆ ಅಲ್ಲಿ ಜಗ್ಗಾಟವೇನೂ ಇರಲಿಲ್ಲ. ಎಡಗೈಯ ಬೆರಳು ಬಲಗೈಯ ಒಂದು ಬೆರಳಿನ ಕೆಳಗೆ ಹೋಗಿ ಸುಮ್ಮನೆ ಕಾಯುವುದು. ಅದು ಒಪ್ಪಿದಾಗ ಎತ್ತುವುದು. ಮುಂದಿನದಕ್ಕೆ ಹೋಗುವುದು. ಅಕ್ಕಾರು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು, ಆ ಕೈಯ ಜೊತೆಗೇ: "ಏಳವಾ, ಏಳು. ಬಿಸಲ ಬಂದೈತಿ. ಎಷ್ಟು ಹೊತ್ತು ಮಲಗ್ತೀ."

ನನ್ನ ನೆರಳು ಬಿದ್ದು ತಲೆ ಎತ್ತಿದರು. ಕೈ ಮುಚ್ಚಿಕೊಳ್ಳಲಿಲ್ಲ. ನಡುವೆ ಬಿಡುವಂತಿರಲಿಲ್ಲವೇನೋ. "ಬಾ ತಂಗಿ, ಕುಂದರು. ದಿನಾ ಮುಂಜಾನೆ ಇಕಿನ್ನ ಎಬ್ಬಸೂದು ಒಂದು ಕೆಲಸ ನನಗ."

ನಾನು ಕೂತೆ. ಸೀರೆ ಬಿಚ್ಚಿ ನನ್ನ ಪ್ಲಾಸ್ಟರ್ ಕೈ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಭಾಳ ಚಂದ ಐತಿ" ಎಂದರು. "ಯಾರದಿದು?"

ಚೇಷ್ಟೆಗೆ ಕೇಳಿದ್ದಲ್ಲ. ಖರೇನೇ ಗೊತ್ತಾಗಿರಲಿಲ್ಲ. ನಾನು ಆ ಕೈಯನ್ನು ಮತ್ತೆ ಸೀರೆಯಲ್ಲಿ ಸುತ್ತಿದೆ. ಸುತ್ತುತ್ತಿದ್ದಾಗಲೇ ನಿರ್ಧಾರ ಆಗಿಬಿಟ್ಟಿತ್ತು.

"ಅಕ್ಕಾರ, ನಾ ಈಗ ನೋಡಿದ್ನಲ್ಲ, ಅದನ್ನ ತಗೋತೇನಿ. ಎರಡೂ ಕೈ ಕೂಡೇ."

ಅವರ ಎಡಗೈ ನಿಂತಿತು. "ಏನು? ಈ ಕೈ ಬಿಡಸೂದು ಮಂದಿಗೆ ತೋರಸ್ತೀ? ಅವತ್ತ ಹೇಳಿದ್ದು ಮರತ್ಯಾ?"

"ಮರತಿಲ್ರಿ. ಅಯ್ಯೋ ಪಾಪ ಅನ್ನಬಾರದು ಅಂದ್ರಿ. ನಾ ಬಾಗಲದಾಗ ನಿಂತು ನೋಡಿದ್ನಿ. ಹಂಗ ಅನಸಲಿಲ್ಲ ನನಗ."

"ಮತ್ತೇನ ಅನಸ್ತು?"

"ಬ್ಯಾರೆ ಕಡೆ ನೋಡಾಕ ಆಗಲಿಲ್ಲ" ಎಂದೆ.

ಕೆಳಗೆ ಯಾರೋ ಅಂಗಡಿಯ ಹಲಗೆ ಬಾಗಿಲು ತೆಗೆಯುತ್ತಿದ್ದರು. ಅಕ್ಕಾರು ತಮ್ಮ ಕೈಗಳನ್ನೇ ನೋಡುತ್ತಾ ಕೂತರು. ಆಮೇಲೆ ಎಡಗೈಯನ್ನು ಸ್ವಲ್ಪ ಕೆಳಗಿಳಿಸಿ, ಬಲಗೈಯನ್ನು ನನ್ನ ಕಡೆ ಒಂದಿಷ್ಟು ತಿರುಗಿಸಿದರು.

"ಜನ ಯಾವ ಕಡಿಂದ ನೋಡ್ತಾರ? ಇದು ಎರಡು ಪಾತ್ರದ ಸೀನ್ ಐತಿ. ಒಂದರ ಬೆನ್ನು ಇನ್ನೊಂದಕ್ಕ ಅಡ್ಡ ಬರಬಾರದು."

ಅದು ಒಪ್ಪಿಗೆ ಎಂದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಡಾಕ್ಟರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. "ಇದು ದವಾಖಾನಿ ಇದ್ದಾಗ ಸಾಕಷ್ಟು ಬ್ಯಾನಿ ನೋಡೇನಿ. ಇಲ್ಲೆ ಅದು ಬ್ಯಾಡ. ನೀ ಮಾಡಿದ್ದ ಇಡೂಣು" ಎಂದು ನಾನು ತಿರುಗಿ ತಂದಿದ್ದ ಕೈಯನ್ನು ಮತ್ತೆ ಖಾನೆಯಲ್ಲಿ ಇಟ್ಟರು. ದನಿ ಏರಿರಲಿಲ್ಲ, ಆದರೆ ಗಟ್ಟಿ ಇತ್ತು. ಆ ಹೊತ್ತಿಗೆ ನಾನು ಅವರ ಎದುರು ಎಂದೂ ಮರುಮಾತು ಆಡಿದವಳಲ್ಲ.

"ಅದು ಅಕ್ಕಾರ ಕೈ ಅಲ್ರಿ. ಅವರಿಗೇ ಗುರುತ ಸಿಗಲಿಲ್ಲ. ಮುಟ್ಟಿ ತಗದಿದ್ದ ಇರಬೇಕು ಅಂತ ನೀವ ಹೇಳೀರಿ. ಆ ಹೋರಾಟಗಾರರ ಬೆರಳು ಸೊಟ್ಟ ಐತಿ, ಅದನ್ನ ನೀವು ನೆಟ್ಟಗ ಮಾಡಿ ಇಟ್ಟಿಲ್ಲಲ್ರಿ."

ಡಾಕ್ಟರು ಎದ್ದು ಒಳಗೆ ಹೋದರು. ಸಂಜೆಯವರೆಗೂ ಹೊರಗೆ ಬರಲಿಲ್ಲ. ಕೆಲಸ ಹೋಯಿತೆಂದೇ ತಿಳಿದು ಗಾಡಿ ಹತ್ತಿದೆ. ಮರುದಿನ ಬಂದಾಗ ನನ್ನ ಪ್ಲಾಸ್ಟರ್ ಕೈ ಖಾನೆಯಲ್ಲಿ ಇರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟರ್ ಪಟ್ಟಿಯ ಸುರುಳಿಗಳನ್ನು ಸಾಲಾಗಿ ಜೋಡಿಸಿ ಡಾಕ್ಟರು ಒಂದೊಂದನ್ನೇ ಮೂಸಿ, ಹಿಚುಕಿ ನೋಡುತ್ತಿದ್ದರು. ತೇವ ತಾಗಿದ ಪ್ಲಾಸ್ಟರ್ ಹಿಡಿಯುವುದಿಲ್ಲ.

"ಬ್ಯಾಡಗ್ಯಾಗ ಬ್ಯಾಡ" ಎಂದರು ತಲೆ ಎತ್ತದೆ. "ಮತ್ತ ಸೀನು ಬರ್ತಾವು. ಅವರನ್ನ ರಾಣೆಬೆನ್ನೂರಿಗೆ ಕರಕೊಂಡು ಬರೂಣು. ನಿಮ್ಮ ಮನ್ಯಾಗ ಜಾಗಾ ಆಗತೈತೇನು?"

ಎರಡು ಕೈಗಳ ಕೆಲಸ ಒಂದು ಕೈಯ ಎರಡರಷ್ಟಲ್ಲ. ಒಂದೇ ಕೈಯಾದರೆ ಡಬ್ಬಿಯಲ್ಲಿ ಮುಳುಗಿಸಿ ಅಲುಗಿಸಿ ತೆಗೆಯಬಹುದು. ಒಂದರೊಳಗೊಂದು ಹೆಣೆದ ಕೈಗಳು, ಅದರಲ್ಲೂ ಒಂದು ಮಾತು ಕೇಳದ ಕೈ, ಹಾಗೆ ಹೊರಬರುವುದಿಲ್ಲ. ಅದಕ್ಕೇ ಡಬ್ಬಿ ಬಿಟ್ಟೆವು. ರಬ್ಬರಿನ ಪುಡಿಯನ್ನು ದಪ್ಪಗೆ ಕಲಸಿ ಕೈಗಳ ಮೇಲೇ ಬಳಿಯುವುದು, ಹಸಿ ಇರುವಾಗಲೇ ಹತ್ತಿಯ ಎಳೆ ಅಂಟಿಸುವುದು, ಆ ಎಳೆಗೆ ಕಚ್ಚಿಕೊಳ್ಳುವಂತೆ ಮೇಲೆ ಪ್ಲಾಸ್ಟರ್ ಪಟ್ಟಿಯ ಚಿಪ್ಪನ್ನು ಎರಡು ಭಾಗವಾಗಿ ಕಟ್ಟುವುದು. ಆಮೇಲೆ ಚಿಪ್ಪು ಬಿಡಿಸಿ, ರಬ್ಬರನ್ನು ಸಂದಿನಲ್ಲಿ ಸೀಳಿ, ಕೈ ತೆಗೆದು, ಮತ್ತೆ ಮುಚ್ಚುವುದು. ಡಾಕ್ಟರ ಕೈ ಮತ್ತು ನನ್ನ ಕೈ ಜೋಡಿಸಿ ಕೈ ಮನೆಯಲ್ಲಿ ಎರಡು ಸಲ ಮಾಡಿ ನೋಡಿದೆವು. ಮೊದಲ ಸಲ ರಬ್ಬರು ಚಿಪ್ಪಿನಿಂದ ಕಳಚಿ ಬಿತ್ತು. ಎರಡನೆಯ ಸಲ ಬಂತು.

ಒಂದು ತೊಡಕು ಉಳಿಯಿತು. ತಣ್ಣೀರಿನಲ್ಲಿ ಕಲಸಿದರೆ ಪುಡಿ ನಿಧಾನ ಗಟ್ಟಿಯಾಗುತ್ತದೆ, ನಮಗೆ ಪುರುಸೊತ್ತು ಸಿಗುತ್ತದೆ. ಆದರೆ ತಣ್ಣಗಿನದು ತಾಗಿದರೆ ಅಕ್ಕಾರ ಕೈ ಬಿಗಿಯುತ್ತದೆ. ಬಿಸಿನೀರಿನಲ್ಲಿ ಕಲಸಿದರೆ ಕೈ ಸಡಿಲವಾಗಿ ಇರುತ್ತದೆ, ಆದರೆ ಪೂರ್ತಿ ಬಳಿಯುವ ಮೊದಲೇ ಪುಡಿ ಗಟ್ಟಿಯಾಗುತ್ತದೆ. ಒಣಗಿದ್ದರ ಮೇಲೆ ಹೊಸದು ಹತ್ತುವುದಿಲ್ಲ. ಡಾಕ್ಟರು, "ಕೈ ಸಡಿಲ ಇರಬೇಕು. ಅವಸರ ನಾವು ಮಾಡೂಣು, ಅವರು ಮಾಡೂದು ಬ್ಯಾಡ" ಎಂದರು. ಬಿಸಿನೀರೇ ಎಂದಾಯಿತು.

ಡಾಕ್ಟರ ಗೆಳೆಯರೊಬ್ಬರ ಕಾರಿನಲ್ಲಿ ಅಕ್ಕಾರೂ ತಂಗಿಯ ಮಗಳೂ ಬಂದರು. ನಮ್ಮವ್ವ ಬಾಗಿಲಲ್ಲಿ ನಿಂತು ಕಾಲಿಗೆ ನೀರು ಕೊಟ್ಟಳು. ಕೊಟ್ಟು, ಮುಖ ನೋಡಿ, ಅಲ್ಲೇ ನಿಂತುಬಿಟ್ಟಳು. "ನೀವು ಅಂತ ಇಕಿ ನನಗ ಹೇಳಿಲ್ರಿ" ಎಂದಳು. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ಹಾವೇರಿಯ ಜಾತ್ರೆಯ ಟೆಂಟಿನಲ್ಲಿ ನಾಟಕ ನೋಡಿದ್ದಳಂತೆ. ಅಪ್ಪ ಅವಳ ಜೊತೆ ಎಲ್ಲಿಗಾದರೂ ಹೋದದ್ದು ನನಗೆ ಗೊತ್ತಿದ್ದರೆ ತಾನೇ.

ಬೀಜದ ಕೋಣೆಯಲ್ಲಿ ಜೋಳದ, ಹತ್ತಿಬೀಜದ ಚೀಲಗಳ ನಡುವೆ ಕುರ್ಚಿ ಹಾಕಿ ಅಕ್ಕಾರನ್ನು ಕೂರಿಸಿದೆವು. ಬಳೆ ತೆಗೆಯಬೇಕಾಯಿತು. ಎಡಗೈಯ ಬಳೆಗಳನ್ನು ತಂಗಿಯ ಮಗಳು ಸೋಪಿನ ನೀರು ಹಚ್ಚಿ ತೆಗೆದಳು. ಬಳೆ ಇದ್ದ ಜಾಗದಲ್ಲಿ ಚರ್ಮ ತಗ್ಗಾಗಿ, ನುಣ್ಣಗೆ ಇತ್ತು. ಬೋಗುಣಿಯ ನೀರಿನಲ್ಲಿ ಬಲಗೈ ಇಟ್ಟರು. ಎರಡೂ ಕೈಗೆ ಎಣ್ಣೆ ಸವರಿದೆ. ಆಮೇಲೆ ಎಡಗೈ ಬಂದು ತನ್ನ ಕೆಲಸ ಶುರು ಮಾಡಿತು. ಎರಡು ಬೆರಳು ಎದ್ದಿದ್ದವು, ಉಳಿದವು ಇನ್ನೂ ಮಡಚಿದ್ದವು. ಎಡಗೈಯ ತೋರುಬೆರಳು ಮೂರನೆಯದರ ಕೆಳಗೆ ಹೋಗಿ ನಿಂತಾಗ ಅಕ್ಕಾರು, "ಇಲ್ಲೆ" ಎಂದರು.

ಕಲಸಿದೆ, ಬಳಿದೆ. ಅವ್ವ ಎರಡನೆಯ ಬಟ್ಟಲು ಕಲಸಿ ತಯಾರು ಇಟ್ಟಿದ್ದಳು. ಮೊದಲಿನದು ಹಸಿ ಇರುವಾಗಲೇ ಎರಡನೆಯದು. ಬೆರಳ ಸಂದಿಗಳಿಗೆ ಬ್ರಶ್ ಹೋಗುತ್ತಿರಲಿಲ್ಲ, ಕಿರುಬೆರಳಿನಿಂದ ತುಂಬಿದೆ. ತಂಗಿಯ ಮಗಳು ಹತ್ತಿ ಕಿತ್ತು ಕೊಡುತ್ತಿದ್ದಳು. ಆಮೇಲೆ ಡಾಕ್ಟರು ಮುಂದೆ ಬಂದರು. ನೆನೆಸಿದ ಪಟ್ಟಿಯನ್ನು ಒಂದೇ ಹಿಂಡಿಗೆ ಹದ ಮಾಡಿ ಹಾಸುತ್ತಾ ಹೋದರು. ನಾನು ಅವರನ್ನು ಮುದುಕರೆಂದೇ ಕಂಡವಳು. ಆ ಹೊತ್ತಿನಲ್ಲಿ ದವಾಖಾನೆಯ ಡಾಕ್ಟರನ್ನು ನೋಡಿದೆ: ಎಷ್ಟು ಲಗೂ, ಎಷ್ಟು ಹಗುರ, ಎಲ್ಲಿಯೂ ಒಂದು ಸುಕ್ಕಿಲ್ಲ. ಕೆಲಸ ಮಾಡುತ್ತಲೇ ಅಕ್ಕಾರಿಗೆ, "ಬಿಸಿ ಆಗತೈತಿ, ಹೆದರಬ್ಯಾಡ್ರಿ" ಎನ್ನುತ್ತಿದ್ದರು. ಮುರಿದ ಕೈಯ ಎಷ್ಟು ಮಂದಿಗೆ ಆ ಮಾತು ಹೇಳಿದ್ದರೋ.

ಚಿಪ್ಪಿನೊಳಗೆ ಬಲಗೈ ಮುಚ್ಚಿಕೊಳ್ಳಲು ನೋಡುತ್ತಿತ್ತು. ಅದು ನನಗೆ ಅಕ್ಕಾರ ಮೊಣಕೈಯ ಮೇಲಿನ ನರದಲ್ಲಿ ಕಾಣುತ್ತಿತ್ತು. ಎಡಗೈ ತಡೆದು ಹಿಡಿದಿತ್ತು. ಹಣೆಯಲ್ಲಿ ಬೆವರಿನ ಹನಿ. ಅವ್ವ ಸೆರಗಿನಿಂದ ಒರೆಸಿದಳು.

"ಒಂದು ಮಾತು ಕೇಳಲ್ರಿ?" ಎಂದಳು ಅವ್ವ. "ಪರದೆ ಹಿಂದ ನಿಂತಾಗ, ಮಂದಿ ಸೀಟಿ ಹೊಡಿಯೂದು ಕೇಳಿ ನಿಮಗ ಏನ ಅನಸ್ತಿತ್ತು?"

"ಅಂಜಿಕಿ ಬರ್ತಿತ್ತವಾ" ಎಂದರು ಅಕ್ಕಾರು, ತುಟಿಯನ್ನಷ್ಟೇ ಅಲುಗಿಸಿ. "ಅದಕ್ಕ ಮೊದ್ಲ ಕೈ ಕಳಸ್ತಿದ್ದೆ. ಮಂದಿ ಹ್ಯಾಂಗ ಅದಾರ ನೋಡಿ ಬಾ ಅಂತ."

ಡಾಕ್ಟರ ಕೈ ಪಟ್ಟಿಯ ಮೇಲೆ ಒಂದು ಕ್ಷಣ ನಿಂತು ಮುಂದೆ ಸಾಗಿತು.

ಚಿಪ್ಪು ಗಟ್ಟಿಯಾದ ಮೇಲೆ ಮೇಲಿನ ಭಾಗ ಬಿಡಿಸಿದೆವು. ಮೊಂಡು ಚಾಕುವಿನಿಂದ ಸಂದಿನ ಗುಂಟ ರಬ್ಬರನ್ನು ಸೀಳಿದೆ. ಚರ್ಮಕ್ಕೆ ತಾಗಬಾರದು, ಓರೆಯೂ ಆಗಬಾರದು. ಮೊದಲು ಎಡಗೈ ಬಂತು. ಬಲಗೈ ತೆಗೆಯಲು ಡಾಕ್ಟರು ಬಗ್ಗಿದಾಗ ಅಕ್ಕಾರು, "ನೀವು ಬಿಡ್ರಿ, ನನ್ನ ಮಾತು ಕೇಳತಾಳ ಅಕಿ" ಎಂದು ತಾವೇ ತೆಗೆದರು. ರಬ್ಬರು ಹರಿಯಲಿಲ್ಲ.

ಚಿಪ್ಪನ್ನು ಮತ್ತೆ ಮುಚ್ಚಿ, ಅರಿವೆ ಪಟ್ಟಿಯಿಂದ ಬಿಗಿದು, ತಲೆಕೆಳಗಾಗಿ ಬೀಜದ ಚೀಲಗಳ ನಡುವೆ ನಿಲ್ಲಿಸಿದೆ. ನೀರಿಗೆ ಪ್ಲಾಸ್ಟರ್ ಉದುರಿಸಿ, ಅದು ತಾನಾಗಿ ಮುಳುಗುವವರೆಗೆ ತಾಳಿ, ಗುಳ್ಳೆ ಏಳದಂತೆ ತಿರುವಿ, ಮಣಿಕಟ್ಟಿನ ತೂತುಗಳಿಂದ ಹೊಯ್ದೆ. ಸ್ವಲ್ಪ ಹೊಯ್ಯುವುದು, ಓರೆ ಮಾಡಿ ತಟ್ಟುವುದು, ಮತ್ತೆ ಹೊಯ್ಯುವುದು. ಊಟ ಮಾಡಿ ಎಂದು ಅವ್ವ ಕರೆದಳು. ಅಕ್ಕಾರಿಗೆ ಊಟ ಬಡಿಸಿದ್ದು ಅವಳೇ. ನಾನು ಚಿಪ್ಪಿನ ಮೇಲೆ ಅಂಗೈ ಇಟ್ಟು ಕೂತಿದ್ದೆ. ಅದು ಬೆಚ್ಚಗಾಗಿ, ಕಾವು ಏರಿ, ಮೆಲ್ಲಗೆ ಆರಿತು.

ಸುಲಿಯುವಾಗ ಎಡಗೈಯ ಕಿರುಬೆರಳು ಮುರಿಯಿತು. ಡಾಕ್ಟರು ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಸ್ವಚ್ಛ ಮುರದೈತಿ. ಇಂಥಾದ್ದು ಲಗೂ ಕೂಡತೈತಿ" ಎಂದರು. ತೆಳ್ಳನೆಯ ಪ್ಲಾಸ್ಟರಿನಲ್ಲಿ ಕೂಡಿಸಿದೆ. ಗುರುತು ಕಾಣದಂತೆ ಉಜ್ಜಲು ಹೋದಾಗ, ಪಕ್ಕದ ಚರ್ಮದ ಗೆರೆ ಹೋದೀತೆಂದು ಬಿಟ್ಟೆ. ಕೂದಲೆಳೆಯಂಥ ಒಂದು ಸುತ್ತು ಅಲ್ಲಿ ಉಳಿಯಿತು.

ಯುಗಾದಿಯ ಮರುದಿನ ಕೈ ಮನೆಯ ಬಾಗಿಲು ತೆರೆಯಿತು. ಭಾಷಣಗಳಾದವು. ಪೈಲವಾನರು ತಮ್ಮ ಕೈಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಕ್ಕಾರು ಅವತ್ತು ಬರಲಿಲ್ಲ. ಗದ್ದಲ ಮುಗಿದ ಮೇಲೆ ಬರುತ್ತೇನೆಂದು ಹೇಳಿ ಕಳಿಸಿದ್ದರು. ನನಗೆ ಅರ್ಥವಾಯಿತು. ಜನ ಏನೆನ್ನುತ್ತಾರೋ ಎಂದು ನಾನು ಇಡೀ ದಿನ ನಡುವಿನ ಕಪಾಟಿನ ಪಕ್ಕ ನಿಂತಿದ್ದೆ. ಅಯ್ಯೋ ಎಂದವರು ಇಲ್ಲವೆಂದರೆ ಸುಳ್ಳಾಗುತ್ತದೆ, ಇದ್ದರು. ಆದರೆ ಅಂದವರೂ ಮುಂದೆ ಹೋಗದೆ ಅಲ್ಲೇ ನಿಲ್ಲುತ್ತಿದ್ದರು. ಹೊಸ ಮದುವೆಯ ಜೋಡಿಯೊಂದು ಬಹಳ ಹೊತ್ತು ನೋಡಿ, "ತಾಯಿ ಮಗಳ ಕೈ ಏನ್ರಿ ಇವು?" ಎಂದು ಕೇಳಿತು. ಇಬ್ಬರದಲ್ಲ, ಒಬ್ಬರದೇ ಎಂದಾಗ ಆ ಹುಡುಗಿ ಮತ್ತೆ ಹೊರಳಿ ನೋಡಿದಳು.

ಅಕ್ಕಾರು ಬಂದದ್ದು ಕೆಲವು ದಿನ ಬಿಟ್ಟು, ಒಂದು ಸಾದಾ ಮುಂಜಾನೆ. ನೇರ ತಮ್ಮ ಕೈಯ ಹತ್ತಿರ ಹೋಗಲಿಲ್ಲ. ತಂಗಿ ಮಗಳ ಭುಜ ಹಿಡಿದು ಮೂಲೆಯಿಂದ ಒಂದೊಂದೇ ಕೈ ನೋಡುತ್ತಾ ಬಂದರು. ಪೈಲವಾನರ ಅಂಗೈ ನೋಡಿ, "ಎಷ್ಟು ಮೆತ್ತಗ ಕಾಣತೈತಿ ಇದು, ಬೆಣ್ಣಿ" ಎಂದರು. ಸೂಲಗಿತ್ತಿಯ ಕೈಗೆ ಎಡಗೈಯಿಂದ ನಮಸ್ಕಾರ ಮಾಡಿದರು. ತಮ್ಮದರ ಮುಂದೆ ಬಂದಾಗ ಡಾಕ್ಟರು ಗಾಜಿನ ಬಾಗಿಲು ತೆರೆದರು. ಅಕ್ಕಾರು ಬಗ್ಗಿ ನೋಡಿದರು.

"ಅವತ್ತ ಉಗುರರ ಕತ್ತರಿಸ್ಕೊಂಡು ಬರಬೇಕಿತ್ತು ನಾ" ಎಂದರು. "ನೀ ಒಂದು ಮಾತು ಹೇಳಬಾರದೇನ ತಂಗಿ?"

ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಅವರ ಹೆಗಲು ಅಲುಗುತ್ತಿತ್ತು, ನಗುವೋ ಏನೋ.

ಕಾಲು ಸೋತು ಅಕ್ಕಾರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಾಗ ಯಾವುದೋ ಶಾಲೆಯ ಹುಡುಗಿಯರು ಗುಂಪಾಗಿ ಒಳಗೆ ಬಂದರು. ಆ ಬೆಂಚಿನ ಮೇಲಿನ ಮುದುಕಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಓಡೋಡುತ್ತಾ ಎಲ್ಲ ಕೈ ನೋಡಿದವರು ನಡುವಿನ ಕಪಾಟಿನ ಮುಂದೆ ನಿಂತರು. ಒಬ್ಬಳು ತನ್ನ ಬಲಗೈಯನ್ನು ಮುಷ್ಟಿ ಮಾಡಿ ಎಡಗೈಯಿಂದ ಬಿಡಿಸತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬಳು. ಸ್ವಲ್ಪ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಮುಷ್ಟಿ ಹಿಡಿದು, ನಗುತ್ತಾ, ಬೆರಳು ಜಗ್ಗುತ್ತಾ ನಿಂತಿದ್ದರು. ಸುಮ್ಮನಿರಿಸಬೇಕೆಂದು ಮುಂದೆ ಹೋದೆ.

ಅಷ್ಟರಲ್ಲಿ ಬೆಂಚಿನಿಂದ ದನಿ ಬಂತು. ಮೈಕು ಇಲ್ಲದ ಕಾಲದ ಟೆಂಟಿನಲ್ಲಿ ಕಡೆಯ ಸಾಲಿಗೂ ಮುಟ್ಟುತ್ತಿದ್ದ ದನಿ ಅದೇ ಇರಬೇಕು. ಹುಡುಗಿಯರೆಲ್ಲ ಒಮ್ಮೆಲೇ ಹೊರಳಿದರು.

"ಹಂಗ ಜಗ್ಗಬ್ಯಾಡ್ರೆವಾ. ಮೊದ್ಲ ಮಣಿಕಟ್ಟು ಬಗ್ಗಸ್ರಿ. ಬೆರಳು ತಾವಾ ಬರ್ತಾವು. ಹಾಂ, ಇನ್ನೊಮ್ಮೆ ಮಾಡ್ರಿ. ಎಲ್ಲಾರೂ ಕೂಡಿ."